ಚುಕ್ಕಿಯ ಬಾಯಿಂದ ಬಿಚ್ಚಿದ ಕುಕ್ಕೆ

ಅದು ೨೦೦೨ನೇ ಇಸವಿಯ ಮಾರ್ಚ್ ತಿಂಗಳು. ವರ್ಷವಿಡೀ ಗೊರಕೆ ಹೊಡೆಯುವ ಸರ್ಕಾರಿ ಕಾಮಗಾರಿಗಳಿಗೆಲ್ಲ ಇದ್ದಕ್ಕಿದ್ದಂತೆ ಜೀವ ಬರುವ ತಿಂಗಳು. ಆ ಮಾರ್ಚಿನಲ್ಲಿ ನಮ್ಮೂರಿಗೆ ಬಂದ ಕಾಮಗಾರಿಯನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನನ್ನ ತವರು ತಿ. ನರಸೀಪುರ. ದಿನಾ ಮೈಸೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಎಸ್ಸಿ. ಮಾಡಿದೆ. ಭೂವಿಜ್ಞಾನ ನನಗೆ ಬಹಳ ಇಷ್ಟದ ವಿಷಯವಾಗಿತ್ತು. ಮದುವೆಯಾಗಿ ಬಂದದ್ದು ನಂಜನಗೂಡು ತಾಲ್ಲೂಕಿನ, ಹೆಡತಲೆಯಿಂದ ಅಷ್ಟೇನೂ ದೂರವಿಲ್ಲದ ಒಂದು ಹಳ್ಳಿಗೆ. ಕಲ್ಲು ಓದಿದವಳು ಕೊಟ್ಟಿಗೆ ಸೇರಿದಳು ಎಂದು ಗೆಳತಿಯರು ಗೇಲಿ ಮಾಡಿದರು. ನಮ್ಮೂರ ಗುಡ್ಡದ ಬುಡದಲ್ಲಿ ಒಂದು ಹಳೇ ಗಣಿಯೇ ಇದೆ ಎಂದು ಅವರಿಗೇನು ಗೊತ್ತು!

ಊರಿನವರು ಅದನ್ನು ತಾಮ್ರದ ಗುಂಡಿ ಎನ್ನುತ್ತಾರೆ. ಅಲ್ಲಿನ ಬಂಡೆಗಳ ಮೇಲೆ ಹಸಿರು ಕಲೆಗಳಿವೆ. ಹುಣಸೆಹಣ್ಣು ಹಾಕಿ ಉಜ್ಜದ ತಾಮ್ರದ ಹಂಡೆಗೆ ಕಿಲುಬು ಹಿಡಿಯುತ್ತದಲ್ಲ, ಥೇಟ್ ಹಾಗೆ. ಸುತ್ತಲಿನ ಹೊಲ ಉಳುವಾಗ ನೇಗಿಲಿಗೆ ಕರೀ ಕಿಟ್ಟದ ಗಟ್ಟಿಗಳು ಸಿಗುತ್ತವೆ. ಅಂದರೆ ಯಾವುದೋ ಕಾಲದಲ್ಲಿ ಯಾರೋ ಇಲ್ಲೇ ಕುಲುಮೆ ಹೂಡಿ ತಾಮ್ರ ಕರಗಿಸಿದ್ದಾರೆ. ನಮ್ಮ ಮಾವ ಹುಡುಗರಾಗಿದ್ದಾಗ ಹೊರಗಿನ ಕಂಪನಿಯೊಂದು ಬಂದು ಆ ಹಳೇ ಗುಂಡಿಯನ್ನೇ ಅಗಲ ಮಾಡಿ ಆಳಕ್ಕೆ ತೋಡಿತಂತೆ. ತಾಮ್ರದ ಜೊತೆ ಸತುವೂ ಬೆರೆತಿತ್ತು. ಎರಡನ್ನೂ ಬಿಡಿಸುವುದು ಗಿಟ್ಟಲಿಲ್ಲವೋ, ಒಳಗೆ ಎದ್ದ ಒರತೆಯನ್ನು ಎತ್ತಿ ಹಾಕಲಾಗಲಿಲ್ಲವೋ, ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಗುಂಡಿ ಮುಚ್ಚಲಿಲ್ಲ, ಒಂದು ಬೇಲಿಯನ್ನೂ ಹಾಕಲಿಲ್ಲ. ತೋಡಿ ಸುರಿದ ಕಲ್ಲಿನ ರಾಶಿಯನ್ನು ಹಾಗೇ ಬಿಟ್ಟರು. ಆ ಕಲ್ಲಿನಲ್ಲಿ ಗಂಧಕವಿದೆ. ಗಾಳಿ, ಮಳೆ ತಾಗಿದರೆ ಅದು ಆಮ್ಲವಾಗಿ ಕಲ್ಲಿನೊಳಗಿನ ತಾಮ್ರವನ್ನು ಕರಗಿಸಿ ನೀರಿಗೆ ಇಳಿಸುತ್ತದೆ. ನೋಡಲು ತಿಳಿನೀರು, ಎಲ್ಲೋ ಒಂಚೂರು ನೀಲಿ. ಆದರೆ ಅದರಲ್ಲಿ ಒಂದು ಕಪ್ಪೆ ಇಲ್ಲ, ಒಂದು ಮೀನಿಲ್ಲ.

ಹಾಗಂತ ನಮ್ಮೂರಿನವರು ಆ ನೀರನ್ನು ದೂರ ಇಟ್ಟವರಲ್ಲ. ಕೆಸರುಗದ್ದೆ ತುಳಿದ ದನಗಳಿಗೆ ಗೊರಸಿನ ಸಂದಿ ಕೊಳೆತು ಹುಣ್ಣಾಗುತ್ತದೆ. ಬೇರೆ ಊರಿನವರು ಅದಕ್ಕೆ ಅಂಗಡಿಯಿಂದ ಮೈಲುತುತ್ತ ತಂದು ಹಚ್ಚುತ್ತಾರೆ. ನಮ್ಮವರು ದನಗಳನ್ನು ಗುಂಡಿಯ ಅಂಚಿನ ತೆಳು ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಮೈಲುತುತ್ತವೂ ತಾಮ್ರದ್ದೇ ತಾನೇ, ಹುಣ್ಣು ಒಣಗುತ್ತದೆ. ಆದರೆ ಒಂದು ಕಟ್ಟುನಿಟ್ಟು. ಕೊಟ್ಟಿಗೆ ಬಿಡುವ ಮೊದಲೇ ಒಂದೊಂದು ದನದ ಬಾಯಿಗೂ ಕುಕ್ಕೆ ಕಟ್ಟಬೇಕು. ಒಕ್ಕಣೆಯಲ್ಲಿ ತೆನೆಗೆ ಬಾಯಿ ಹಾಕದಿರಲೆಂದು ಕಟ್ಟುವ ಅದೇ ಕತ್ತಾಳೆ ನಾರಿನ ಕುಕ್ಕೆ. ಅದರೊಳಗೆ ಬೇವಿನ ಸೊಪ್ಪು ತುಂಬುತ್ತಾರೆ. ಮೂತಿ ಬಗ್ಗಿಸಿದರೆ ಕಹಿ ತಾಗುವುದರಿಂದ ದನ ನೀರಿನ ಕಡೆ ತಲೆ ಹಾಕುವುದೇ ಇಲ್ಲ. ನಮ್ಮ ಮನೆಯ ಕುಕ್ಕೆಗಳನ್ನೆಲ್ಲ ಮಾವನೇ ಹೆಣೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಕಾಲೇಜಿನ ಮೇಷ್ಟ್ರಿಗೆ ಕರೆದು ತೋರಿಸಬೇಕು ಅನ್ನಿಸಿತ್ತು.

ಆ ವರ್ಷ ಅದೇ ಗುಂಡಿಗೆ ಕಂಟ್ರಾಕ್ಟರ್ ಸಿಮೆಂಟಿನ ಮೆಟ್ಟಿಲು ಕಟ್ಟಿಸಿದ, ಕಬ್ಬಿಣದ ಕಂಬ ನೆಟ್ಟು ಬೋರ್ಡು ನಿಲ್ಲಿಸಿದ. ಬೋರ್ಡಿನ ಮೇಲೆ ಏನಿತ್ತು ಗೊತ್ತೇ? 'ಜಾನುವಾರುಗಳ ಕುಡಿಯುವ ನೀರಿನ ಹೊಂಡ'! ಕೆಲಸ ನಡೆಯುವಾಗಲೇ ಮಾವ ಹೋಗಿ ಹೇಳಿದ್ದರು. "ಮೇಲಿಂದ ಆರ್ಡರ್ ಆಗಿದೆ" ಎಂದು ಕಂಟ್ರಾಕ್ಟರ್ ಅವರನ್ನು ಸಾಗಹಾಕಿದ್ದ.

ಒಂದು ಬೆಳಿಗ್ಗೆ ಜೀಪು ಬಂದು ನಮ್ಮ ಜಗುಲಿಯ ಮುಂದೆಯೇ ನಿಂತಿತು. ಇಂಜಿನಿಯರ್, ಕಂಟ್ರಾಕ್ಟರ್, ಅವನ ಆಳು, ಕ್ಯಾಮೆರಾ ಹಿಡಿದ ಇನ್ನೊಬ್ಬ. ನಮ್ಮ ಯಜಮಾನರು ಹೊಲದಲ್ಲಿದ್ದರು. ಇಂಜಿನಿಯರ್ ಜಗುಲಿ ಮೇಲೆ ಕೂತು ಮಾವನಿಗೆ ಹೇಳಿದ:

"ಯಜಮಾನ್ರೇ, ನಿಮ್ಮ ಮನೇಲಿ ಒಂದು ಲಕ್ಷಣವಾದ ಕರು ಇದೆಯಂತೆ. ಹೊಂಡದಲ್ಲಿ ನೀರು ಕುಡಿಯೋ ಹಾಗೆ ಒಂದು ಫೋಟೋ ಬೇಕಿತ್ತು. ಬಿಲ್ ಜೊತೆ ಕಳಿಸ್ಬೇಕು."

ಅವನು ಕೇಳಿದ್ದು ಚುಕ್ಕಿಯನ್ನು. ತವರಿನಿಂದ ನನ್ನ ಜೊತೆ ಬಂದ ಹಸುವಿನ ಕೊನೇ ಕರು ಅದು, ಹಣೆಯ ಮೇಲೆ ಬಿಳೀ ಚುಕ್ಕಿ. ತಾಯಿ ಸತ್ತ ಮೇಲೆ ನಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದೆ. ಅದರ ಕೂಗು ಕೇಳಿದರೆ ನನಗೆ ತವರುಮನೆಯ ಹಿತ್ತಲು ನೆನಪಾಗುತ್ತಿತ್ತು.

ಮಾವ ಕೈ ಮುಗಿದೇ ಹೇಳಿದರು. "ಸಾ, ಅದು ಕುಡ್ಯೋ ನೀರಲ್ಲ ಕಣ್ ಸಾ. ಕುಕ್ಕೆ ಕಟ್ಟುದೆ ನಾವು ಅಲ್ಗೆ ದನ ಒಡ್ಕಂಡೋಗಾಕಿಲ್ಲ."

"ಇದೆಲ್ಲ ಮೂಢನಂಬಿಕೆ ಯಜಮಾನ್ರೇ. ಯಾವ ಕಾಲದಲ್ಲಿದ್ದೀರಿ? ನೀರು ನೋಡಿ, ಹೇಗೆ ಫಳಫಳ ಅಂತಿದೆ."

ಬಾಗಿಲ ಮರೆಯಲ್ಲಿದ್ದ ನಾನು ತಡೆಯಲಾರದೆ ಹೊರಗೆ ಬಂದೆ. "ಸಾರ್, ಆ ನೀರನ್ನ ಯಾರು ಪರೀಕ್ಷೆ ಮಾಡಿದಾರೆ? ಅದರಲ್ಲಿ ತಾಮ್ರ ಕರಗಿದೆ. ಕರುಗಳಿಗೆ ವಿಷ ಅದು."

"ನೀನೇನಮ್ಮಾ, ಟೀಚರಾ?"

"ಇಲ್ಲ ಸಾರ್. ಜಿಯಾಲಜಿ ಓದಿದೀನಿ."

ಇಂಜಿನಿಯರ್ ಕಂಟ್ರಾಕ್ಟರನ ಮುಖ ನೋಡಿ ನಕ್ಕ. "ಓಹೋ! ಹಾಗಾದ್ರೆ ಮೊದ್ಲು ಒಂದೊಳ್ಳೆ ಕಾಫಿ ಮಾಡ್ಕೊಂಡು ಬಾಮ್ಮ. ಆಮೇಲೆ ಪಾಠ ಮಾಡುವೆಯಂತೆ."

ಮೈಯೆಲ್ಲ ಬೆಂಕಿಯಾಯಿತು. ಆದರೆ ಮಾವ ಕಣ್ಣಿನಲ್ಲೇ ಒಳಗೆ ಹೋಗು ಎಂದರು. ಜಗುಲಿಗೆ ಬಂದವರಿಗೆ ಒಂದು ಲೋಟ ಕಾಫಿ ಕೊಡದೆ ಕಳಿಸಿದ ಮನೆಯಲ್ಲ ಅದು. ಕಾಫಿ ಕುಡಿದು ತೊಲಗಲಿ ಎಂದುಕೊಂಡು ಹಾಲು ಕಾಯಿಸಲು ಇಟ್ಟೆ.

ತಟ್ಟೆ ಹಿಡಿದು ಹೊರಗೆ ಬಂದರೆ ಜಗುಲಿ ಮೇಲೆ ಒಬ್ಬರೂ ಇಲ್ಲ. ಕೊಟ್ಟಿಗೆಯಲ್ಲಿ ಚುಕ್ಕಿ ಇಲ್ಲ. ಬೂಸಾದ ಡಬ್ಬದ ಮುಚ್ಚಳ ನೆಲದ ಮೇಲೆ ಬಿದ್ದಿತ್ತು. ತಟ್ಟೆಯನ್ನು ಅಲ್ಲೇ ಕುಕ್ಕಿ ಗುಂಡಿಯ ಕಡೆ ಓಡಿದೆ.

ನಡೆದದ್ದನ್ನು ಮಾವ ಆಮೇಲೆ ಹೇಳಿದರು. ಆಳು ಚುಕ್ಕಿಯನ್ನು ಬಿಚ್ಚುತ್ತಿದ್ದಾಗ ಮಾವ ಬೇಡವೆಂದು ಅಡ್ಡ ನಿಂತರಂತೆ. "ಸುಮ್ನೆ ನಿಲ್ಸಿ ಒಂದು ಫೋಟೋ ತೆಗೆದು ವಾಪಸ್ ಕಳಿಸ್ತೀವಿ" ಎಂದನಂತೆ ಇಂಜಿನಿಯರ್. ಹಾಗಿದ್ದರೂ ಕುಕ್ಕೆ ಇರಲಿ ಎಂದು ಮಾವ ತಾವೇ ಬೇವಿನ ಸೊಪ್ಪು ತುಂಬಿ ಕಟ್ಟಿದರು. ಮೆಟ್ಟಿಲ ಹತ್ತಿರ ಹೋದಮೇಲೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಇಂಜಿನಿಯರ್ ತನ್ನ ಕೈಯಾರೆ ಕುಕ್ಕೆಯನ್ನು ಬಿಚ್ಚಿ ಎಸೆದ. ಚುಕ್ಕಿ ನೀರನ್ನು ಮೂಸಿ ತಲೆ ಎತ್ತಿಬಿಟ್ಟಳು. ಎಷ್ಟು ಹಗ್ಗ ಜಗ್ಗಿದರೂ ಬಗ್ಗಲಿಲ್ಲ. ಅಲ್ಲಿಗಾದರೂ ಬಿಡಬೇಕಿತ್ತಲ್ಲವೇ? ಇಲ್ಲ. ಮಾವ ಎಷ್ಟು ಬೇಡಿಕೊಂಡರೂ ಕೇಳದೆ, ಆಳು ಬರುವಾಗಲೇ ಎತ್ತಿಕೊಂಡು ಬಂದಿದ್ದ ನಮ್ಮ ಮನೆಯ ಬೂಸಾವನ್ನೇ ಆ ನೀರಿನಲ್ಲಿ ಕಲಸಿ, ಬಕೆಟ್ಟನ್ನು ಫೋಟೋದಲ್ಲಿ ಕಾಣದ ಹಾಗೆ ಕೆಳಗಿನ ಮೆಟ್ಟಿಲ ಮೇಲೆ ಇಟ್ಟರು.

ನಾನು ಏದುಸಿರು ಬಿಡುತ್ತಾ ಹೋಗುವಷ್ಟರಲ್ಲಿ ಚುಕ್ಕಿ ಬಕೆಟ್ಟಿನ ತಳ ನೆಕ್ಕುತ್ತಿದ್ದಳು. ಆಳು ಎರಡನೇ ಸಲ ಕಲಸಲು ಬಗ್ಗಿದ್ದ. ಬಕೆಟ್ಟನ್ನು ಕಾಲಿನಿಂದ ಒದ್ದೆ. ಅದು ಉರುಳಿ ನೀರಿಗೆ ಬಿತ್ತು.

"ಏನಮ್ಮ, ಸರ್ಕಾರಿ ಕೆಲ್ಸಕ್ಕೆ ಅಡ್ಡಿ ಮಾಡ್ತೀಯಾ?" ಎಂದು ಇಂಜಿನಿಯರ್ ಗದರಿದ.

ಕ್ಯಾಮೆರಾದವನು, "ಸಾರ್, ಒಂದು ಚೆನ್ನಾಗಿ ಬಂದಿದೆ, ಸಾಕು" ಎಂದ. ಅವರು ಜೀಪು ಹತ್ತಿದರು. ಮಾವ ಮೆಟ್ಟಿಲ ಮೇಲೆ ಬಿದ್ದಿದ್ದ ಪುಟ್ಟ ಕುಕ್ಕೆಯನ್ನು ಎತ್ತಿಕೊಂಡು, ಟವೆಲಿನಲ್ಲಿ ಅದರ ಧೂಳು ಒರೆಸುತ್ತಾ ನಿಂತರು.

ಸಂಜೆಯ ಹೊತ್ತಿಗೆ ಚುಕ್ಕಿ ಮೇವು ಬಿಟ್ಟಳು. ಹಸಿರುಗಟ್ಟಿದ ಭೇದಿ ಶುರುವಾಯಿತು. ಹೊಟ್ಟೆನೋವಿಗೆ ತನ್ನ ಹೊಟ್ಟೆಯನ್ನು ತಾನೇ ಒದ್ದುಕೊಳ್ಳುತ್ತಿದ್ದಳು. ನಮ್ಮ ಯಜಮಾನರು ನರಸೀಪುರಕ್ಕೆ ಹೋಗಿ ಪಶುವೈದ್ಯರನ್ನು ಕರೆತಂದರು. ಅವರು ಒಳ್ಳೆಯ ಮನುಷ್ಯರು, ದಿನವೂ ಬಂದು ಕೈಲಾದದ್ದೆಲ್ಲ ಮಾಡಿದರು. "ಕರು ಅಲ್ವೇನಮ್ಮ, ತಡ್ಕೊಳೋ ಶಕ್ತಿ ಇರಲ್ಲ" ಎಂದು ಅವರೇ ಬೇಸರಪಟ್ಟರು. ಯುಗಾದಿ ಬರುವ ಮೊದಲೇ ಚುಕ್ಕಿ ಮಾವನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಳು. ನಾನು ಕೊಟ್ಟಿಗೆಯಲ್ಲಿ ಕೂತು ಮಗುವಿನ ಹಾಗೆ ಅತ್ತೆ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಮಾವನನ್ನು ಕರೆದುಕೊಂಡು ನಂಜನಗೂಡಿನ ಕಚೇರಿಗೆ ಹೋದೆ. ಪರಿಹಾರ ಗಿರಿಹಾರ ಏನೂ ಬೇಡ, ಆ ಬೋರ್ಡು ಕಿತ್ತು ಹಾಕಿ, ನಾಳೆ ಹೊರಗಿನ ಕುರಿಮಂದೆಯವರು ನಂಬಿ ನೀರು ಕುಡಿಸಿದರೆ ಮಂದೆಗೆ ಮಂದೆಯೇ ಹೋಗುತ್ತದೆ ಎಂದೆ. ಇಂಜಿನಿಯರ್ ಕುರ್ಚಿಯಲ್ಲಿ ಒರಗಿಕೊಂಡು ಎಲ್ಲವನ್ನೂ ಕೇಳಿದ. ಆಮೇಲೆ ಏನು ಹೇಳಿದ ಗೊತ್ತೇ?

"ಕುಕ್ಕೆ ಕಟ್ಟೋದು ನಿಮ್ಮೂರ ಪದ್ಧತಿ ಅಂತ ನೀವೇ ಹೇಳಿದ್ರಲ್ಲ ಯಜಮಾನ್ರೇ? ಕಟ್ಟಬೇಕಿತ್ತು. ಕರುನ ಜೋಪಾನ ಮಾಡೋದು ನಿಮ್ಮ ಜವಾಬ್ದಾರಿ ಅಲ್ವಾ?"

ಜೀವನದಲ್ಲಿ ಯಾರಿಗೂ ಎದುರಾಡದ ನಮ್ಮ ಮಾವ ಎದ್ದು ನಿಂತರು.

"ಕಟ್ಟಿದ್ದು ಈ ಕೈ ಸಾ. ಬಿಚ್ಚಿದ್ದು ಆ ಕೈ," ಎಂದು ಮೇಜಿನ ಮೇಲಿದ್ದ ಅವನ ಕೈಯನ್ನು ತೋರಿಸಿದರು. "ಬಾ ಮಗಾ, ಓಗಮ."

ಬೋರ್ಡು ತೆಗೆಯಲಿಲ್ಲ. ಊರಿನವರು ಸೇರಿ ಅರ್ಜಿ ಕೊಟ್ಟರೂ ತೆಗೆಯಲಿಲ್ಲ. ಬಿಲ್ಲು ಪಾಸಾಯಿತಂತೆ, ಚುಕ್ಕಿಯ ಫೋಟೋ ಬಹಳ ಚೆನ್ನಾಗಿ ಬಂದಿತ್ತಂತೆ. ನಾವೇ ಕಿತ್ತರೆ ಸರ್ಕಾರಿ ಆಸ್ತಿ ಹಾಳು ಮಾಡಿದ ಕೇಸು. ಆಗ ಮಾವ ಚುಕ್ಕಿಯ ಕುಕ್ಕೆಗೆ ಬೇವಿನ ಸೊಪ್ಪು ತುಂಬಿ ಅದೇ ಬೋರ್ಡಿನ ಕೊರಳಿಗೆ ಕಟ್ಟಿದರು. ದನ ಕುರಿ ಮೇಯಿಸುವವರಿಗೆ ಅಕ್ಷರ ಬರದಿದ್ದರೂ ಅದು ಅರ್ಥವಾಗುತ್ತದೆ. ದೂರದ ಮಂದೆಯವರು ಅದನ್ನು ಕಂಡು, ಊರೊಳಗೆ ಬಂದು ವಿಚಾರಿಸಿ, ಬೇರೆ ಕಡೆ ಹೊಡೆದುಕೊಂಡು ಹೋಗಿದ್ದಾರೆ. ಮಳೆಗೆ ನಾರು ಕೊಳೆತಾಗಲೆಲ್ಲ ಮಾವ ಹೊಸ ಕುಕ್ಕೆ ಹೆಣೆದು ಕಟ್ಟುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೇ ಹೆಣೆಯುತ್ತೇನೆ, ಅವರಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ ಅಷ್ಟೇ.

ಹೋದ ವರ್ಷ ಬೇರೊಬ್ಬ ಅಧಿಕಾರಿ ಜೀಪಿನಲ್ಲಿ ಬಂದಿದ್ದ. ಬೋರ್ಡಿಗೆ ನೇತುಬಿದ್ದ ಕುಕ್ಕೆಯನ್ನು ಪೆನ್ನಿನಿಂದ ಎತ್ತಿ ನೋಡುತ್ತಾ, "ಏನಮ್ಮ ಇದು? ಯಾವುದಾದರೂ ಹರಕೆನಾ? ತೆಗೆದುಬಿಡಿ, ಚೆನ್ನಾಗಿ ಕಾಣಲ್ಲ" ಎಂದ.

"ಹರಕೆ ಅಲ್ಲ ಸಾರ್, ಅದು ನಮ್ಮ ಬೋರ್ಡು," ಎಂದೆ. "ನಿಮ್ಮ ಬೋರ್ಡು ತೆಗೆದ ದಿನ ಅದನ್ನೂ ತೆಗೀತೀನಿ."