ಬಸುರಿಗೆ ಹೇಳಬಾರದ ಸುದ್ದಿ

ನನ್ನ ಸಿಟ್ಟು ನನ್ನದಲ್ಲ, ಕತ್ತಿನಲ್ಲಿರುವ ಒಂದು ಗ್ರಂಥಿಯದು ಎಂದು ಮೈಸೂರಿನ ಡಾಕ್ಟರು ಹೇಳಿದ ದಿನ ನನಗಿಂತ ಹೆಚ್ಚು ಖುಷಿಪಟ್ಟವರು ನಮ್ಮ ಯಜಮಾನರು. “ಮದ್ವೆ ಆದಾಗ್ಲಿಂದ್ಲೂ ಇತ್ತು ಸಾ, ಕಾಯಿಲೆ ಅಂತ ಗೊತ್ತಾಗ್ಲಿಲ್ಲ” ಎಂದು ಅಲ್ಲೇ ನನ್ನ ಮಾನ ಕಳೆದರು. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿತ್ತು. ಎದೆ ಡವಡವ, ಕೈ ನಡುಕ, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಮಾತ್ರೆಗೂ ಬಗ್ಗಲಿಲ್ಲ. ಕೊನೆಗೆ ರೇಡಿಯೋ ಆ್ಯಕ್ಟಿವ್ ಅಯೋಡಿನ್ ಕೊಡೋಣ ಎಂದರು.

ಸೀಸದ ದಪ್ಪ ಡಬ್ಬಿ ಹಿಡಿದು ಒಬ್ಬ ಬಂದ. ಆ ಗತ್ತು ನೋಡಿ ಒಳಗೆ ಏನಿದೆಯೋ ಎಂದು ಹೆದರಿದ್ದೆ. ಇದ್ದದ್ದು ಒಂದು ಕ್ಯಾಪ್ಸೂಲ್. ನುಂಗಿ ನೀರು ಕುಡಿದೆ, ಅಷ್ಟೇ. ನುಂಗಿದ ಕೂಡಲೇ ಅವನು ಮಾರು ದೂರ ಸರಿದು ನಿಂತು ಕಟ್ಟಳೆ ಓದಿದ. ಬೇರೆ ತಟ್ಟೆ, ಬೇರೆ ಹಾಸಿಗೆ, ಕಕ್ಕಸಿಗೆ ಎರಡೆರಡು ಸಲ ನೀರು, ಮೂರು ವಾರ ಮಕ್ಕಳ ಮತ್ತು ಬಸುರಿಯರ ಹತ್ತಿರ ಸುಳಿಯಕೂಡದು. ಮನೆಯಲ್ಲಿ ಬಸುರಿಯರು ಇದ್ದಾರಾ ಎಂದು ಕೇಳಿದ. ಇಲ್ಲ ಎಂದೆ.

ಮನೆಯಲ್ಲಿ ಇರಲಿಲ್ಲ, ನಿಜ. ಆದರೆ ಮಿರ್ಲೆಗೆ ಕೊಟ್ಟಿದ್ದ ನನ್ನ ತಂಗಿಗೆ ಆಗ ನಾಲ್ಕು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತು ಇಳಿದು ಹೋಗಿತ್ತು. ಅಮ್ಮ ಬೇಗ ಹೋದಳು, ಅವಳನ್ನು ಎತ್ತಿ ಆಡಿಸಿ ಸಾಕಿದವಳು ನಾನು. ಅವಳ ಈ ಮಗು ಉಳಿಯಲಿ ಎನ್ನುವುದೊಂದು ಬಿಟ್ಟು ಆ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ.

ಗಾವಡಗೆರೆ ಹತ್ತಿರದ ನಮ್ಮ ಹೊಲದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಸೀಸನ್ ಮುಗಿದಿತ್ತು. ಅದರ ಪಕ್ಕದ ಶೆಡ್ಡಿನಲ್ಲಿ ಮಂಚ ಹಾಕಿಸಿಕೊಂಡೆ. ಕಟ್ಟಿದಾಗಿನಿಂದ ಸೌದೆ ತುಂಬಿಕೊಂಡಿದ್ದ ಅಲ್ಲಿನ ಕಕ್ಕಸು ನನ್ನಿಂದ ಉದ್ಘಾಟನೆಯಾಯಿತು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಅದೇ ದೊಡ್ಡ ಮುನಿಸಾಗುತ್ತದೆ. ಬ್ರೆಡ್ಡು, ಮೂಸಂಬಿ ಹಿಡಿದು ಊರೇ ಬಂತು. ದೂರದಲ್ಲೇ ಇಟ್ಟು ಹೋಗಿ ಎಂದು ಬೈದು ಕಳಿಸುವುದೇ ನನಗೆ ಕೆಲಸವಾಯಿತು. ಪಕ್ಕದ ಹೊಲದವನಂತೂ, “ಅಕ್ಕೋ, ತ್ರೀ ಫೇಸ್ ಕೊಡ್ತಾನೇ ಇಲ್ಲ ಕಣಕ್ಕೋ. ನಿಂಗೆ ವೈರ್ ಸಿಗಾಕುದ್ರೆ ಮೋಟ್ರು ಓಡ್ತದಾ?” ಎಂದ.

“ಬಾ, ಮೊದ್ಲು ನಿನ್ನ ಓಡುಸ್ತೀನಿ” ಎಂದೆ.

ನನ್ನ ಎದೆ ಡವಡವ ತಂಗಿಗೂ ಗೊತ್ತಿತ್ತು, ಈ ಮಾತ್ರೆಯ ವಿಷಯ ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಬಸುರಿಯ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು ಎನ್ನುವುದು ನಮ್ಮ ಎರಡೂ ಮನೆಗಳಲ್ಲಿ ಸಂವಿಧಾನಕ್ಕಿಂತ ಗಟ್ಟಿ. ನಮ್ಮತ್ತೆ ಬೇಡ ಎಂದರು, ಯಜಮಾನರು ಬೇಡ ಎಂದರು, ನಾನೂ ತಲೆಯಾಡಿಸಿದೆ. ಊರಿಗೆಲ್ಲ ಗೊತ್ತು, ದೂರ ಇರಲೇಬೇಕಾದ ಒಬ್ಬಳಿಗೆ ಗೊತ್ತಿಲ್ಲ. ಅಷ್ಟು ಬುದ್ಧಿವಂತರು ನಾವು.

ನಾಲ್ಕನೇ ದಿನ ಬೆಳಿಗ್ಗೆ ಅವಳು ಟಿಫನ್ ಕ್ಯಾರಿಯರ್ ಹಿಡಿದು ಬದುವಿನ ಮೇಲೆ ಬರುತ್ತಿದ್ದಳು. ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನವರೊಬ್ಬರು ಸಿಕ್ಕಿ, “ನಿಮ್ಮಕ್ಕಂಗೆ ಅದೇನೋ ಕರೆಂಟ್ ಮಾತ್ರೆ ಕೊಟ್ಟು ವಲ್ದಲ್ಲಿ ಮಡಗವ್ರಂತಲ್ಲವ್ವ” ಎಂದಿದ್ದರಂತೆ.

“ಅಲ್ಲೇ ನಿಂತ್ಕಳೇ!” ಎಂದು ಕಿರುಚಿದೆ. ಅವಳು ಅಳುತ್ತ ಇನ್ನೂ ಬೇಗ ಬಂದಳು. ನಾನು ಓಡಿದೆ. ಐವತ್ತು ದಾಟಿದ ಹೆಂಗಸು, ಸೀರೆಯನ್ನು ಮೊಣಕಾಲಿಗೆತ್ತಿ, ಉತ್ತ ಹೊಲದಲ್ಲಿ, ಸ್ವಂತ ತಂಗಿಗೆ ಹೆದರಿ! ನಾನು ಓಡಿದರೆ ಅವಳೂ ಓಡುತ್ತಾಳೆ ಎಂದು ಆಮೇಲೆ ಹೊಳೆಯಿತು. ತಿರುಗಿ ನಿಂತು ಒಂದು ಮಣ್ಣಿನ ಹೆಂಟೆ ಎತ್ತಿಕೊಂಡೆ.

“ಒಂದೆಜ್ಜೆ ಮುಂದಿಟ್ರೆ ಹೊಡೀತೀನಿ ಕಣೇ. ಆ ಮಾತ್ರೆ ಇನ್ನೂ ನನ್ ಮೈಲೇ ಅದೆ. ನಿನ್ನ ಮಗೀಗೆ ತೊಂದ್ರೆ ಆಯ್ತದೆ!”

ನಿಂತಳು. ಹೊಂಗೆಮರದ ಕೆಳಗೆ ಕುಸಿದು ಕೂತಳು. ಅರ್ಧ ಹೊಲ ನಡುವೆ ಇಟ್ಟುಕೊಂಡು ಇಬ್ಬರೂ ಕೂಗಿಕೊಂಡು ಮಾತಾಡಿದೆವು.

“ನಂಗ್ಯಾಕೆ ಯೋಳ್ಲಿಲ್ಲ?”

“ಬಸ್ರಿ ಕಣೇ ನೀನು. ಯೋಚ್ನೆ ಮಾಡ್ತೀಯ ಅಂತ.”

“ನೀನು ಸತ್ತೋಗಿದ್ರೂ ಯೋಳ್ತಿರ್ಲಿಲ್ವಾ?”

ಹೇಳುತ್ತಿರಲಿಲ್ಲ. ಹೆರಿಗೆಯಾಗುವವರೆಗೂ ಅಕ್ಕ ತಿರುಪತಿಗೆ ಹೋಗಿದ್ದಾಳೆ ಎಂದೇ ನಂಬಿಸುತ್ತಿದ್ದರು. “ಇಲ್ಲ” ಎಂದೆ. ಸುಳ್ಳು ಹೇಳಿ ಸಾಕಾಗಿತ್ತು.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಓದ್ ತಿಂಗ್ಳು ನಂಗೆ ರಕ್ತ ಕಾಣುಸ್ಕತ್ತು ಕಣಕ್ಕ. ಎಂಟ್ ದಿನ ಮನಗಿದ್ದೆ. ನಿಂಗೆ ಎದೆ ಹೊಡ್ಕತದೆ, ಯೋಳ್ಬ್ಯಾಡಿ ಅಂತ ನಾನೇ ಅಂದಿದ್ದೆ.”

“ಅಂತಾದ್ರಲ್ಲಿ ಬಸ್ ಅತ್ತಿ ಬಂದಿದ್ಯಾ, ಮುಂಡೇದೆ! ಈಗ?”

“ರಕ್ತ ನಿಂತದೆ.”

“ಉಳ್ಕತದಂತಾ?”

“ಗೊತ್ತಿಲ್ಲ ಕಣಕ್ಕ. ಭಯ ಆಯ್ತದೆ” ಎಂದು ಎದ್ದು ನಿಂತಳು.

ಓಡಿಹೋಗಿ ಅವಳನ್ನು ತಬ್ಬಿಕೊಳ್ಳಲು ನನ್ನ ಇಡೀ ಮೈ ಹಾತೊರೆಯಿತು. ಹೆಂಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದಕ್ಕೆ ಇಟ್ಟೆ.