ಅಮ್ಮ ‘ಹೊರಗಾದ’ ಬೇಸಿಗೆ

ಆಗೆಲ್ಲ ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬೇಸಿಗೆ ರಜ ಬಂದದ್ದು ಗೊತ್ತಾಗುತ್ತಿದ್ದುದು ಇಂಗಿನ ವಾಸನೆಯಿಂದ. ಆರು ಮನೆ, ಒಂದು ನಲ್ಲಿ, ನಡುವೆ ಅಂಗಳ. ಆರು ಮನೆಯ ಹೆಂಗಸರೂ ಒಟ್ಟಿಗೆ ಕೂತು ಹಪ್ಪಳ ಲಟ್ಟಿಸುವರು. ಕಾಗೆ ಕಾಯುವ ನೆಪದಲ್ಲಿ ನಾವು ಮಕ್ಕಳು ಹಸಿ ಹಿಟ್ಟಿನ ಉಂಡೆ ಕದ್ದು, ಎಣ್ಣೆ ಸವರಿಕೊಂಡು ನುಂಗುತ್ತಿದ್ದೆವು. ಇದೆಲ್ಲ ನಿಮಗೂ ಗೊತ್ತಿರುವುದೇ. ನಾನು ಹೇಳಬೇಕಾದದ್ದು ಅಮ್ಮನ ವಿಷಯ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ.

ಎಪ್ಪತ್ತರ ದಶಕದ ಕೊನೆ. ನನಗೆ ಹನ್ನೊಂದು. ಅಮ್ಮನಿಗೆ ಎರಡು ಬಗೆಯ ದಿನಗಳಿದ್ದವು. ಕೆಲವು ದಿನ ಅವಳನ್ನು ಹಿಡಿಯುವವರೇ ಇಲ್ಲ. ಬೆಳಗಾಗುವ ಮೊದಲೇ ಅಂಗಳ ತೊಳೆದು, ಹಾಡಿಕೊಂಡು ಒಬ್ಬಟ್ಟು ತಟ್ಟಿ, ಸಂಜೆ ಗಾಂಧಿಬಜಾರಿನಿಂದ ಮೊಳಗಟ್ಟಲೆ ಮಲ್ಲಿಗೆ ತಂದು ವಠಾರಕ್ಕೆಲ್ಲ ಹಂಚುವಳು. ಆಮೇಲೊಂದು ದಿನ ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದಳೆಂದರೆ ಮುಗಿಯಿತು. ಜ್ವರವಿಲ್ಲ, ನೋವಿಲ್ಲ. ತಲೆ ಬಾಚುವುದಿಲ್ಲ, ಕೂಗಿದರೆ ಓ ಎನ್ನುವುದಿಲ್ಲ. ನಾಲ್ಕೈದು ದಿನಕ್ಕೆ ತಾನಾಗಿಯೇ ಎದ್ದು ಒಲೆ ಹಚ್ಚುವಳು.

ಅಪ್ಪ ಇದಕ್ಕೆ ಸೋಮಾರಿತನ ಎನ್ನುತ್ತಿದ್ದರು. ಆ ವರ್ಷ ಯುಗಾದಿ ಕಳೆದ ಮೇಲೆ ಖಡಾಖಂಡಿತವಾಗಿ ಹೇಳಿಬಿಟ್ಟರು: “ಇನ್ನೊಂದ್ ಸಲ ಹೀಗೆ ಮಲಗಿದ್ರೆ ಚಿಕ್ಕಬಳ್ಳಾಪುರಕ್ಕೆ ಬಿಟ್ಟು ಬರ್ತೀನಿ. ತವರುಮನೇಲೇ ಬಿದ್ದಿರ್ಲಿ.”

ಅಮ್ಮನಿಲ್ಲದ ಮನೆಯಲ್ಲಿ ನಾನೊಬ್ಬಳೇ! ಆ ಹೆದರಿಕೆಯಲ್ಲೇ ಒಂದು ಉಪಾಯ ಹೊಳೆಯಿತು. ಹೆಂಗಸರು ತಿಂಗಳಿಗೆ ಮೂರು ದಿನ ಮೂಲೆಯಲ್ಲಿ ಕೂರುತ್ತಿದ್ದ ಕಾಲ ಅದು. ಆ ಮೂರು ದಿನ ಅಡುಗೆಯಿಲ್ಲ, ಯಾರೂ ಮುಟ್ಟುವುದಿಲ್ಲ, ಯಾಕೆ ಮಲಗಿದ್ದೀ ಎಂದು ಯಾರೂ ಕೇಳುವುದೂ ಇಲ್ಲ. ಅಮ್ಮ ಮತ್ತೆ ಮಲಗಿದಾಗ ಅಪ್ಪನಿಗೆ ಹೇಳಿದೆ: “ಅಮ್ಮ ಹೊರಗಾಗಿದ್ದಾರೆ.” ಅಪ್ಪ ಗೊಣಗಲಿಲ್ಲ, ತಾವೇ ಅನ್ನ ಸಾರು ಮಾಡಿದರು. ಅಮ್ಮ ತಿರುಗಿ ನನ್ನನ್ನೊಮ್ಮೆ ನೋಡಿದಳು, ಅಷ್ಟೆ. ನಾಲ್ಕನೇ ದಿನ ಅವಳನ್ನು ಎಬ್ಬಿಸಿ, ಬಚ್ಚಲಿಗೆ ಕಳಿಸಿ, ತಲೆಗೆ ನೀರು ಹಾಕಿಸುವಷ್ಟರಲ್ಲಿ ನನ್ನ ಜೀವ ಹೋಗಿ ಬಂತು.

ಹತ್ತು ದಿನ ಕಳೆಯಿತೋ ಇಲ್ಲವೋ, ಅಮ್ಮ ಗೆಲುವಾದಳು. “ಈ ಸಲ ಎಲ್ಲರ ಹಪ್ಪಳಾನೂ ನಮ್ಮನೇಲೇ!” ಎಂದು ವಠಾರಕ್ಕೆಲ್ಲ ಸಾರಿದಳು. ಆರು ಮನೆಯ ಉದ್ದಿನ ಹಿಟ್ಟನ್ನೂ ಒಬ್ಬಳೇ ಕಲಸಿ, ಕುಟ್ಟಿ, ಒದ್ದೆಬಟ್ಟೆ ಮುಚ್ಚಿಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಹೆಂಗಸರೆಲ್ಲ ಮಣೆ, ಲಟ್ಟಣಿಗೆ ಹಿಡಿದು ಬಾಗಿಲಿಗೆ ಬಂದರು. ಅಪ್ಪ ಒಳಗೆ ಆಫೀಸಿಗೆ ಹೊರಡುತ್ತಿದ್ದರು. ನಾನು ಹೊಸ್ತಿಲಿಗೆ ಅಡ್ಡ ನಿಂತು, “ಅಮ್ಮ ಹೊರಗಾಗಿದ್ದಾರೆ. ಹಿಟ್ಟು ನಿನ್ನೇನೇ ಕಲಸಿದ್ದು, ಮೈಲಿಗೆ ಆಗಿಲ್ಲ,” ಎಂದು ಒಂದೇ ಉಸಿರಿಗೆ ಹೇಳಿದೆ.

ಪಕ್ಕದ ಮನೆಯ ಸೀತಮ್ಮನವರು ಹುಬ್ಬು ಗಂಟಿಕ್ಕಿದರು. ಮಡಿಯಲ್ಲಿ ಅವರನ್ನು ಮೀರಿಸುವವರು ವಠಾರದಲ್ಲಿರಲಿಲ್ಲ. “ಅಲ್ವೇ ವಿಜಿ, ಮೊನ್ನೆ ಮೊನ್ನೆ ತಾನೇ ನೀರು ಹಾಕ್ಕೊಂಡ್ಲು...” ಎಂದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಅಪ್ಪ ಬಾಗಿಲಿಗೆ ಬಂದಿದ್ದರು. ಸೀತಮ್ಮನವರು ದನಿಯೇರಿಸಿ, “ಅಯ್ಯೋ ಹೌದು, ನಂಗ್ ಹೇಳಿದ್ಲು ಜಯ, ಮರೆತೇಬಿಟ್ಟೆ ನೋಡಿ! ಹಿಟ್ಟು ಎತ್ಕೊಳ್ರೀ, ನಮ್ಮನೇಲೇ ಕೂರೋಣ,” ಎಂದರು.

ಅಪ್ಪ ಅತ್ತ ಹೋದ ಮೇಲೆ ಸೀತಮ್ಮನವರು ಎಣ್ಣೆ ಬಟ್ಟಲು ಹಿಡಿದು ಮತ್ತೆ ಬಂದರು. ಸೀದಾ ಹೋಗಿ ಅಮ್ಮನ ಚಾಪೆಯ ಮೇಲೆ ಕೂತು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಏನಾಗುತ್ತೆ ಜಯ ನಿಂಗೆ?”

“ಗೊತ್ತಿಲ್ಲ ಸೀತಮ್ಮನೋರೇ. ಮೈಯೆಲ್ಲ ಭಾರ. ನನ್ನ ಕಂಡ್ರೆ ನಂಗೇ ಆಗಲ್ಲ.”

ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಹಾಗೆ ಬಾಯಿ ಬಿಟ್ಟದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಹೊರಡುವಾಗ ಸೀತಮ್ಮನವರು ನನ್ನ ಕಿವಿ ಹಿಂಡಿದರು. “ಇನ್ಮೇಲೆ ಆ ಸುಳ್ಳು ಹೇಳ್ಬೇಡ. ಹಾಗಂದ್ರೆ ಯಾರೂ ಹತ್ರ ಬರಲ್ಲ ಕಣೇ. ನನ್ನ ಕರಿ.”

ನಾನು ಕರೆಯಲಿಲ್ಲ. ಅಪ್ಪನ ಕಿವಿಗೆ ಬಿದ್ದರೆ ಎಂಬ ಭಯ. ಮುಂದಿನ ವರ್ಷ ಸೀತಮ್ಮನವರು ಹನುಮಂತನಗರದಲ್ಲಿ ಮನೆ ಕಟ್ಟಿಕೊಂಡು ಹೋದರು. ನಾನು ಅದೇ ಸುಳ್ಳು ಹೇಳುತ್ತ ದೊಡ್ಡವಳಾದೆ. ಅಮ್ಮನಿಗೆ ಮುಟ್ಟು ನಿಂತ ಮೇಲೆ ಮಲಗಲು ಅವಳಿಗೆ ಆ ನೆಪವೂ ಉಳಿಯಲಿಲ್ಲ. ಎಷ್ಟೇ ಕುಸಿದಿದ್ದರೂ ಎದ್ದು ಒಲೆಯ ಮುಂದೆ ನಿಲ್ಲುವಳು. ಚಿಕ್ಕಬಳ್ಳಾಪುರಕ್ಕೆ ಯಾರೂ ಕಳಿಸಲಿಲ್ಲ, ನಿಜ. ಆದರೆ ಅವಳ ಹತ್ತಿರ ಯಾರೂ ಸುಳಿಯದಂತೆ ನಾನೇ ನೋಡಿಕೊಂಡೆ.

ಈಗ ಅದೇ ಏರಿಳಿತ ನನಗೆ. ಗೆಲುವಾದಾಗ ಇದು ಎಷ್ಟು ದಿನವೋ ಎಂಬ ಹೆದರಿಕೆ, ಕುಸಿದಾಗ ಏನೂ ಬೇಡ. ಒಟ್ಟಿನಲ್ಲಿ ಸುಸ್ತು. ಡಾಕ್ಟರು ಸೈಕ್ಲೋಥೈಮಿಯಾ ಎಂದರು, ಮನಸ್ಸು ಹೀಗೆ ಏರಿ ಇಳಿಯುವ ಕಾಯಿಲೆಯಂತೆ. ಹೆದರುವಂಥದ್ದಲ್ಲ, ಹಾಗಂತ ಸುಮ್ಮನೆ ಬಿಡುವಂಥದ್ದೂ ಅಲ್ಲ, ಹೊತ್ತಿಗೆ ಸರಿಯಾಗಿ ಮಲಗಿ ಏಳಿ, ಹತ್ತಿರದವರಿಗೆ ಹೇಳಿಡಿ ಎಂದರು. ಆಮೇಲೆ, “ನಿಮ್ಮ ಮನೇಲಿ ಯಾರಿಗಾದ್ರೂ ಹೀಗಿತ್ತಾ?” ಎಂದು ಕೇಳಿದರು. ಇಲ್ಲ ಎನ್ನಲು ನಾಲಿಗೆ ಹೊರಟೇಬಿಟ್ಟಿತ್ತು. ತಡೆದುಕೊಂಡು, “ಅಮ್ಮನಿಗಿತ್ತು,” ಎಂದೆ.

ಅಮ್ಮನ ವಿಷಯದಲ್ಲಿ ನಾನು ಇನ್ನೊಬ್ಬರಿಗೆ ನಿಜ ಹೇಳಿದ್ದು ಅದೇ ಮೊದಲು. ಅವಳು ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು.