ಎಂಟು ದಿನದ ಬೆಣ್ಣೆ

ಆಗಷ್ಟೇ ಕಡೆದ ಬೆಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಹಣೆಗೆ ಹೋಗುತ್ತದೆ. ಹುಕ್ಕೇರಿಯ ಹತ್ತಿರದ ಆ ಮಣ್ಣಿನ ಮನೆ ಈಗಿಲ್ಲ. ಆದರೆ ಆ ವಾಸನೆಯೊಳಗೆ ನಮ್ಮ ಎಮ್ಮೆ ಇನ್ನೂ ಮೆಲುಕು ಹಾಕುತ್ತದೆ, ಜಂತಿಯಿಂದ ಇಳಿಬಿಟ್ಟ ನೆಲುವಿನಲ್ಲಿ ಬೆಣ್ಣೆಯ ಗಡಿಗೆ ಮೆಲ್ಲಗೆ ತೂಗುತ್ತದೆ, ಕೆಳಗೆ ನಾನೂ ತಂಗಿ ನೀಲವ್ವನೂ ಒಂದೇ ಕೌದಿಯಲ್ಲಿ ಮಲಗಿರುತ್ತೇವೆ. ಇಂಗ್ರೇಜರ ಕಾಲ ಅದು. ಅಪ್ಪ ಗೌಡರ ಹೊಲದಲ್ಲಿ ದುಡಿದದ್ದಕ್ಕೆ ಜೋಳ ಬರುತ್ತಿತ್ತು, ರೊಕ್ಕ ಬರುತ್ತಿರಲಿಲ್ಲ. ಜೋಳಕ್ಕೆ ಡಾಕ್ಟರು ಸಿಗುತ್ತಿರಲಿಲ್ಲ. ಎಂಟು ದಿನ ಕೂಡಿಸಿದ ಬೆಣ್ಣೆಯನ್ನು ಅವ್ವ ಹುಕ್ಕೇರಿ ಸಂತೆಯಲ್ಲಿ ಮಾರಿದರೆ ಒಂದು ಮಗುವನ್ನು ತೋರಿಸಬಹುದಿತ್ತು. ಎರಡನ್ನಲ್ಲ.

ಆ ವರ್ಷ ಮಳೆ ಹಿಂದಾಗುವ ಹೊತ್ತಿಗೆ ನಮ್ಮಿಬ್ಬರಿಗೂ ಜ್ವರ ಬಂತು. ನನ್ನದು ಎರಡೇ ದಿನಕ್ಕೆ ಇಳಿಯಿತು, ನೀಲವ್ವನ ಕೆಮ್ಮು ಎದೆಗಿಳಿಯಿತು. ಸಂತೆಯ ಬೆಳಿಗ್ಗೆ ಅವ್ವ ಹಣೆ ಮುಟ್ಟಿ ನೋಡಿ ಒಬ್ಬಳನ್ನು ಆರಿಸುವವಳಿದ್ದಳು. ನನಗೆ ಸಂತೆಯ ಗಾಡಿಯಲ್ಲಿ ಕೂರುವ ಆಸೆ, ಡಾಕ್ಟರು ಬಾಟಲಿಗೆ ಹಾಕಿಕೊಡುವ ಕೆಂಪು ಸಿಹಿ ಔಷಧ ಕುಡಿಯುವ ಆಸೆ. ಅವ್ವ ಎಮ್ಮೆ ಹಿಂಡಲು ಹೋದಾಗ ನೀರೊಲೆಯ ಬಿಸಿ ಹಂಡೆಗೆ ಹಣೆ ಒತ್ತಿ, ಮತ್ತೆ ಕೌದಿಯೊಳಗೆ ನುಸುಳಿದೆ. ನೀಲವ್ವ ಆಗಷ್ಟೇ ಬೆವೆತು ತಣ್ಣಗಾಗಿದ್ದಳು. “ದೊಡ್ಡಾಕೀದ ಹೆಚ್ಚೈತಿ” ಎಂದಳು ಅವ್ವ. ಅಪ್ಪನ ತಾಯಿ, ನಮ್ಮ ಆಯಿ, ನಕ್ಕಳು: “ಡಾಕ್ಟರ ಸೂಜಿ ಕಂಡರ ನಿನ್ನ ಜ್ವರ ನಿನಗಿಂತ ಮೊದಲ ಮನಿಗೆ ಬರತೈತಿ ನೋಡ.” ನೀಲವ್ವ ನಗಲಿಲ್ಲ. “ಅಕ್ಕಾ, ನನಗೂ ಒಂದ ಗುಟುಕ ತಾ” ಎಂದಳು.

ಗಾಡಿ ಮಂಜಿನೊಳಗೆ ತೇಲಿದಂತೆ ಹೋಯಿತು. ನನ್ನ ತೊಡೆಯ ಮೇಲೆ ತೊಳೆದ ಖಾಲಿ ಬಾಟಲಿ, ಅವ್ವನ ತೊಡೆಯ ಮೇಲೆ ಬೆಣ್ಣೆ. ಅಷ್ಟು ಸುಖದ ದಾರಿಯನ್ನು ನಾನು ಮತ್ತೆ ಕಾಣಲಿಲ್ಲ.

ಬೆಣ್ಣೆ ಮಾರಿ ಫೀ ಕೊಟ್ಟಾಯಿತು. ಡಾಕ್ಟರು ನನ್ನ ನಾಲಗೆ, ಎದೆ ನೋಡಿದರು. “ಈಕೀಗೇನೂ ಆಗಿಲ್ಲ, ಯವ್ವಾ. ಕಲ್ಲು ತಿಂದ್ರೂ ಕರಗತೈತಿ.”

“ಸಣ್ಣಾಕಿ ಮನ್ಯಾಗ ಕೆಮ್ಮಾಕತ್ತಾಳ್ರಿ. ಆಕಿಗೆ ಒಂದೀಟ ಕೊಡ್ರಿ.”

“ನೋಡಲಾರದ ಹ್ಯಾಂಗ ಕೊಡ್ಲಿ? ಮುಂದಿನ ಸಂತಿಗೆ ಕರಕೊಂಡ ಬಾ.”

ಬಾಟಲಿ ಖಾಲಿಯೇ ಮರಳಿತು. ನೀಲವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, ತಲೆದಿಂಬಿನ ಹತ್ತಿರ ಇಟ್ಟುಕೊಂಡಳು. ಮುಂದಿನ ಸಂತೆಗೆ ಮೂರು ದಿನವಿರುವಾಗ ಹೋಗಿಬಿಟ್ಟಳು.

ಆ ಸಂತೆಯ ದಿನ ಅವ್ವ ಹುಕ್ಕೇರಿಗೆ ಹೋಗಲಿಲ್ಲ. ಗಡಿಗೆ ಇಳಿಸಿ, ಮಾರುವ ಬೆಣ್ಣೆಯನ್ನು ಬೆರಳಿಂದ ತೆಗೆತೆಗೆದು ನನ್ನ ರೊಟ್ಟಿಗೆ ಹಚ್ಚಿದಳು. “ತಿನ್ನವಾ. ನೀನರ ಗಟ್ಟಿ ಆಗು.” ಹಂಡೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ರೊಟ್ಟಿಯ ಜೊತೆ ಅದನ್ನೂ ನುಂಗಿದೆ.